ಹನ್ನೊಂದನೇ ಗ್ರೇಡಿನ ಮಗುವಿಗೆ ಕಾಲೇಜು ಪಟ್ಟಿ: ತಳದಿಂದ ಕಟ್ಟುವ ಕ್ರಮ

ಅಮೆರಿಕದ ಕನ್ನಡ ಮನೆಗಳಲ್ಲಿ ಮಗಳೋ ಮಗನೋ ಹನ್ನೊಂದನೇ ಗ್ರೇಡಿಗೆ ಕಾಲಿಟ್ಟರೆ ಸಾಕು, ಒಂದು ಕಾಲೇಜು ಪಟ್ಟಿ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಎಂಐಟಿ, ಸ್ಟ್ಯಾನ್‌ಫರ್ಡ್, ಬರ್ಕ್ಲಿ, ಕಾರ್ನೆಗಿ ಮೆಲನ್, ಜಾರ್ಜಿಯಾ ಟೆಕ್. ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಇನ್ನೆರಡು ಹೆಸರು ಸೇರುತ್ತವೆ. ಊರಿನಿಂದ ಫೋನ್ ಮಾಡಿದ ದೊಡ್ಡಪ್ಪ "ಹಾರ್ವರ್ಡ್ ಯಾಕೆ ಬಿಟ್ರಿ?" ಅಂದಾಗ ಅದೂ ಒಳಗೆ ಬರುತ್ತದೆ. ಕೊನೆಗೆ "ಒಂದೆರಡು ಸೇಫ್ಟಿನೂ (ಖಂಡಿತ ಸಿಗುವಂಥದ್ದು) ಇರಲಿ" ಎಂದು, ಮನೆಯಲ್ಲಿ ಯಾರಿಗೂ ಮನಸ್ಸಿಲ್ಲದ ಎರಡು ಹೆಸರು.

ನಾವು ಸಿಇಟಿ ಬರೆದು ಬಂದವರು. ಅಲ್ಲಿ ರ‍್ಯಾಂಕ್ ಬಂತು, ಕಳೆದ ವರ್ಷ ಯಾವ ಕಾಲೇಜು ಎಷ್ಟಕ್ಕೆ ನಿಂತಿತ್ತು ಎಂದು ನೋಡಿದೆವು, ಕೌನ್ಸೆಲಿಂಗಿಗೆ ಬೆಂಗಳೂರಿಗೆ ಹೋಗಿ ಉಳಿದಿದ್ದರಲ್ಲಿ ಒಳ್ಳೆಯದನ್ನು ಆರಿಸಿಕೊಂಡೆವು. ಅಲ್ಲಿ ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುವುದೇ ಸರಿ, ಏಕೆಂದರೆ ಒಂದೇ ಸಂಖ್ಯೆ ಎಲ್ಲ ಬಾಗಿಲಿಗೂ ಕೀಲಿ. ಇಲ್ಲಿ ಅಂಥ ಸಂಖ್ಯೆ ಇಲ್ಲ. ಪ್ರತಿ ಕಾಲೇಜೂ ಅರ್ಜಿಯನ್ನು ಬೇರೆಯಾಗಿಯೇ ಓದುತ್ತದೆ, ತನ್ನದೇ ಪ್ರಬಂಧ ಕೇಳುತ್ತದೆ, ತನ್ನದೇ ಶುಲ್ಕ ವಸೂಲಿ ಮಾಡುತ್ತದೆ. ಮೇಲಿನ ಹತ್ತು ಕಡೆ ಇಲ್ಲ ಎಂದಾಗ ಹನ್ನೊಂದನೆಯದು ತಾನಾಗಿ ಸಿಗುವುದಿಲ್ಲ. ಆದ್ದರಿಂದ ಪಟ್ಟಿಯನ್ನು ತಳದಿಂದ ಕಟ್ಟಬೇಕು: ಖಂಡಿತ ಸಿಗುವ, ದುಡ್ಡಿಗೆ ಎಟಕುವ, ಮಗು ಮನಸ್ಸಿಟ್ಟು ಹೋಗಬಲ್ಲ ಎರಡು ಕಾಲೇಜು ಮೊದಲು, ಹಾರ್ವರ್ಡ್ ಕೊನೆಗೆ. ಮುಂದೆ ಹೇಳುವುದೆಲ್ಲ ಆ ಕ್ರಮದಲ್ಲೇ ಇದೆ. ಹನ್ನೊಂದನೇ ಗ್ರೇಡಿನ ಜನವರಿ-ಫೆಬ್ರುವರಿಯಲ್ಲಿ ಶುರುಮಾಡಿದರೆ ಆತುರವಿಲ್ಲದೆ ಮುಗಿಯುತ್ತದೆ.

ಮೊದಲು ದುಡ್ಡಿನ ಮಾತು, ಅದೂ ಮಗುವಿನ ಎದುರಿಗೆ

ನಮ್ಮಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡುವುದಿಲ್ಲ. "ನೀನು ಓದು, ಮಿಕ್ಕಿದ್ದು ನಮಗೆ ಬಿಡು" ಅನ್ನುತ್ತೇವೆ. ಇಲ್ಲಿ ಆ ದೊಡ್ಡ ಮನಸ್ಸು ಏಪ್ರಿಲ್ ತಿಂಗಳಲ್ಲಿ ಕಣ್ಣೀರಾಗುತ್ತದೆ: ಮಗುವಿಗೆ ಸೀಟು ಸಿಕ್ಕಿರುತ್ತದೆ, ವರ್ಷಕ್ಕೆ 90,000 ಡಾಲರಿನ ಆಸುಪಾಸಿನ ಬಿಲ್ಲು ಕೈಯಲ್ಲಿರುತ್ತದೆ, ಅಪ್ಪ-ಅಮ್ಮ ಆಗ ಮೊದಲ ಬಾರಿಗೆ ಕ್ಯಾಲ್ಕ್ಯುಲೇಟರ್ ತೆಗೆಯುತ್ತಾರೆ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳ ಊಟ-ವಸತಿ ಸೇರಿದ ಪೂರ್ತಿ ಬೆಲೆ ಈಗ ಅಷ್ಟಿದೆ. ಪಟ್ಟಿಗೆ ಕೂರುವ ಮೊದಲೇ ಒಂದು ಸಂಖ್ಯೆ ಗಟ್ಟಿಯಾಗಿ ಹೇಳಿ: "ವರ್ಷಕ್ಕೆ ಇಷ್ಟು, ನಾಲ್ಕು ವರ್ಷ, ಇದಕ್ಕಿಂತ ಹೆಚ್ಚು ಆಗುವುದಿಲ್ಲ." ಹದಿನಾರು ವರ್ಷದ ಮಗುವಿಗೆ ಅದು ಅರ್ಥವಾಗುತ್ತದೆ.

ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ಕೆಲಸ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್, ಅಂದರೆ ನೆರವು ಕಳೆದು ನಿಮ್ಮ ಮನೆಗೆ ಬೀಳುವ ಖರ್ಚಿನ ಅಂದಾಜು ಹೇಳುವ ಸಾಧನ. 2011ರ ಅಕ್ಟೋಬರಿನಿಂದ ಸರಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳೆಲ್ಲ ಇದನ್ನು ತಮ್ಮ ವೆಬ್‌ಸೈಟಿನಲ್ಲಿ ಇಡಲೇಬೇಕೆಂಬ ಕಾನೂನಿದೆ. ತೆರಿಗೆ ರಿಟರ್ನ್ ಪಕ್ಕದಲ್ಲಿಟ್ಟುಕೊಂಡು ಕೂತರೆ ಒಂದು ಕಾಲೇಜಿಗೆ ಕಾಲು ಗಂಟೆ. ಇಬ್ಬರೂ ಐಟಿಯಲ್ಲಿರುವ ಮನೆಗಳಿಗೆ ಉತ್ತರ ಬಹುತೇಕ ಒಂದೇ: ಅಗತ್ಯ ಆಧಾರದ ನೆರವು ಇಲ್ಲ ಅಥವಾ ತೀರ ಅಲ್ಪ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. "ನನ್ನ ಮಗ ಬುದ್ಧಿವಂತ, ಸ್ಕಾಲರ್‌ಶಿಪ್ ಕೊಡುತ್ತಾರೆ" ಎಂಬ ಮಾತು ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳಿಗೆ ಅನ್ವಯಿಸುವುದಿಲ್ಲ. ಅವು ಮೆರಿಟ್ ಸ್ಕಾಲರ್‌ಶಿಪ್ ಕೊಡುವುದೇ ಇಲ್ಲ. ಕೊಡುವುದೆಲ್ಲ ಮನೆಯ ಆದಾಯ ನೋಡಿ. ಮೆರಿಟ್ ದುಡ್ಡು ಬೇಕಿದ್ದರೆ ಅದನ್ನು ಕೊಡುವ ಕಾಲೇಜುಗಳನ್ನೇ ಹುಡುಕಬೇಕು. ಅಲಬಾಮಾ ವಿಶ್ವವಿದ್ಯಾಲಯದಂಥವು ಇಷ್ಟು ಜಿಪಿಎ (ಶಾಲೆಯ ಗ್ರೇಡುಗಳ ಸರಾಸರಿ), ಇಷ್ಟು ಎಸ್‌ಎಟಿ (ಕಾಲೇಜು ಪ್ರವೇಶ ಪರೀಕ್ಷೆಯ ಅಂಕ) ಇದ್ದರೆ ಇಷ್ಟು ರಿಯಾಯಿತಿ ಎಂದು ಕೋಷ್ಟಕವನ್ನೇ ಹಾಕಿರುತ್ತವೆ.

ಎಫ್‌ಎಎಫ್‌ಎಸ್‌ಎ, ಅಂದರೆ ಕೇಂದ್ರ ಸರಕಾರದ ವಿದ್ಯಾರ್ಥಿ ನೆರವಿನ ಅರ್ಜಿ, ತುಂಬುವವರಿಗೆ ಒಂದು ಮಾತು. ಅದು ಎರಡು ವರ್ಷ ಹಿಂದಿನ ಆದಾಯ ಕೇಳುತ್ತದೆ. 2027ರ ಶರತ್ಕಾಲದಲ್ಲಿ ಕಾಲೇಜು ಸೇರುವ ಮಗುವಿಗೆ 2025ರ ತೆರಿಗೆ ವರ್ಷ ಲೆಕ್ಕಕ್ಕೆ ಬರುತ್ತದೆ, ಅಂದರೆ ಹತ್ತನೇ ಗ್ರೇಡಿನ ಉತ್ತರಾರ್ಧ ಮತ್ತು ಹನ್ನೊಂದರ ಪೂರ್ವಾರ್ಧ. ಆ ವರ್ಷ ಕಂಪನಿ ಶೇರು ಮಾರಿ ಲಾಭ ತೋರಿಸಿದ್ದರೆ ಅದೂ ಒಳಗೆ ಬರುತ್ತದೆ.

ಎಚ್-4 ಮಕ್ಕಳಿದ್ದರೆ ಇದನ್ನು ಬಿಡದೆ ಓದಿ

ಗ್ರೀನ್ ಕಾರ್ಡಿನ ಸಾಲಿನಲ್ಲಿ ಹತ್ತು-ಹದಿನೈದು ವರ್ಷದಿಂದ ನಿಂತಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಮಗು ಎರಡನೇ ವಯಸ್ಸಿಗೇ ಇಲ್ಲಿಗೆ ಬಂದಿರಬಹುದು, ಕನ್ನಡಕ್ಕಿಂತ ಇಂಗ್ಲಿಷೇ ಸಲೀಸಾಗಿರಬಹುದು. ಆದರೂ ವೀಸಾ ಎಚ್-4 (ಎಚ್-1ಬಿ ಕೆಲಸದ ವೀಸಾದವರ ಮನೆಯವರಿಗೆ ಕೊಡುವಂಥದ್ದು) ಆಗಿದ್ದರೆ ಪಟ್ಟಿಯ ಲೆಕ್ಕ ನಾಲ್ಕು ಕಡೆ ಬದಲಾಗುತ್ತದೆ.

ಎಫ್‌ಎಎಫ್‌ಎಸ್‌ಎ ಮೂಲಕ ಬರುವ ಕೇಂದ್ರ ಸರಕಾರದ ನೆರವು ಸಿಗುವುದಿಲ್ಲ. ಜಾರ್ಜಿಯಾದ ಹೋಪ್‌ನಂಥ ರಾಜ್ಯ ಸ್ಕಾಲರ್‌ಶಿಪ್‌ಗಳೂ ನಾಗರಿಕರಿಗೆ, ಗ್ರೀನ್ ಕಾರ್ಡಿನವರಿಗೆ ಮತ್ತು ಅಂಥ ಕೆಲವು ವರ್ಗಗಳಿಗೆ ಮಾತ್ರ.

ಅನೇಕ ಖಾಸಗಿ ಕಾಲೇಜುಗಳು ನೆರವಿನ ವಿಷಯದಲ್ಲಿ ಎಚ್-4 ಮಗುವನ್ನು ವಿದೇಶಿ ವಿದ್ಯಾರ್ಥಿ ಎಂದೇ ಎಣಿಸುತ್ತವೆ. ಹಾಗಾದಾಗ ನೆರವು ಕೇಳಿದ್ದೇ ಪ್ರವೇಶಕ್ಕೆ ಅಡ್ಡಿಯಾಗಬಹುದು. ವಿದೇಶಿ ವಿದ್ಯಾರ್ಥಿಗಳಿಗೂ ಆದಾಯ ನೋಡದೆ ಪ್ರವೇಶ ಕೊಟ್ಟು ಪೂರ್ತಿ ಅಗತ್ಯ ತುಂಬಿಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮರ್ಸ್ಟ್ ಆ ಸಾಲಿನಲ್ಲಿವೆ.

ಮೂರನೆಯದು ಸಮಾಧಾನದ ಸುದ್ದಿ: ಎಚ್-1ಬಿ, ಎಚ್-4 ಕುಟುಂಬಗಳಿಗೆ ಬಹಳಷ್ಟು ರಾಜ್ಯಗಳ ಸರಕಾರಿ ವಿಶ್ವವಿದ್ಯಾಲಯಗಳು ರಾಜ್ಯದ ನಿವಾಸಿಗಳ ದರವನ್ನೇ ಹಾಕುತ್ತವೆ. ಹಾಗಾಗಿ ಈ ಮಕ್ಕಳ ಪಟ್ಟಿಯ ತಳಪಾಯ ಬಹುತೇಕ ತಮ್ಮದೇ ರಾಜ್ಯದಲ್ಲಿರುತ್ತದೆ.

ನಾಲ್ಕನೆಯದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಮಗುವಿಗೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಅಂದರೆ ಪದವಿಯ ನಡುವೆ. ಆಗ ಎಫ್-1 ಎಂಬ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಬದಲಾದ ಮೇಲೂ ಒಳರಾಜ್ಯದ ದರ ಮುಂದುವರಿಯುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಕೆಲವೊಮ್ಮೆ ಕಾಲೇಜಿನಿಂದ ಕಾಲೇಜಿಗೆ ಬೇರೆ. ಪಟ್ಟಿಯಲ್ಲಿರುವ ಪ್ರತಿ ಸರಕಾರಿ ವಿಶ್ವವಿದ್ಯಾಲಯದ ರೆಸಿಡೆನ್ಸಿ ಕಚೇರಿಗೆ (ಯಾರು ರಾಜ್ಯದ ನಿವಾಸಿ ಎಂದು ತೀರ್ಮಾನಿಸುವ ಕಚೇರಿ) ಇದೊಂದೇ ಪ್ರಶ್ನೆ ಕೇಳಿ ಇಮೇಲ್ ಹಾಕಿ, ಉತ್ತರವನ್ನು ಉಳಿಸಿಟ್ಟುಕೊಳ್ಳಿ. ಎಚ್-4 ಮಕ್ಕಳಿಗೆ ಕೆಲಸ ಮಾಡುವ ಅನುಮತಿ ಇಲ್ಲದ ಕಾರಣ, ಸಂಬಳದ ಇಂಟರ್ನ್‌ಶಿಪ್‌ಗಾಗಿ 21ಕ್ಕೂ ಮೊದಲೇ ಎಫ್-1ಗೆ ಹೋಗುವವರೂ ಇದ್ದಾರೆ. ಆ ಯೋಚನೆ ಇದ್ದರೆ ಪ್ರಶ್ನೆ ಇನ್ನೂ ಬೇಗ ಕೇಳಬೇಕು.

ಮಗುವಿನ ಕಡತವನ್ನು ಅಪರಿಚಿತರಂತೆ ಓದಿ

ಟ್ರಾನ್ಸ್‌ಕ್ರಿಪ್ಟ್, ಅಂದರೆ ಶಾಲೆಯ ಅಂಕಪಟ್ಟಿ, ತರಿಸಿಕೊಂಡು ಮೇಜಿನ ಮೇಲಿಡಿ. ಕಠಿಣ ಕೋರ್ಸುಗಳಿಗೆ ಹೆಚ್ಚು ತೂಕ ಹಾಕಿದ ಜಿಪಿಎ 4.5 ಎಂದು ಹಿಗ್ಗಬೇಡಿ. ಶಾಲೆಯಿಂದ ಶಾಲೆಗೆ ಆ ತೂಕ ಬೇರೆ. ತೂಕವಿಲ್ಲದ ಜಿಪಿಎ ಎಷ್ಟು, ಬಿ ಗ್ರೇಡ್ ಎಲ್ಲೆಲ್ಲಿ ಬಂದಿದೆ, ಒಂಬತ್ತರಿಂದ ಹನ್ನೊಂದಕ್ಕೆ ಏರಿದೆಯೇ ಇಳಿದಿದೆಯೇ, ಗಣಿತ ಯಾವ ಹಂತಕ್ಕೆ ಬಂದಿದೆ ಎಂಬುದನ್ನು ನೋಡಿ.

ಇದರ ಜೊತೆಗೆ ಕೌನ್ಸೆಲರ್ ಕಳಿಸುವ ಸ್ಕೂಲ್ ಪ್ರೊಫೈಲ್ ಎಂಬ ಎರಡು ಪುಟದ ದಾಖಲೆ ಇದೆ. ಶಾಲೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ, ಆದರೂ ಪೋಷಕರು ಅದನ್ನು ಓದಿರುವುದು ಅಪರೂಪ. ಶಾಲೆಯಲ್ಲಿ ಎಷ್ಟು ಎಪಿ (ಕಾಲೇಜು ಮಟ್ಟದ) ಕೋರ್ಸುಗಳಿವೆ, ಅಂಕಗಳು ಹೇಗೆ ಹಂಚಿಕೆಯಾಗಿವೆ ಎಂಬುದೆಲ್ಲ ಅದರಲ್ಲಿರುತ್ತದೆ. ಇಪ್ಪತ್ತೈದು ಎಪಿ ಇರುವ ಶಾಲೆಯಲ್ಲಿ ನಾಲ್ಕು ತೆಗೆದುಕೊಂಡ ಮಗುವನ್ನೂ ಐದೇ ಇರುವ ಶಾಲೆಯಲ್ಲಿ ನಾಲ್ಕು ತೆಗೆದುಕೊಂಡ ಮಗುವನ್ನೂ ಪ್ರವೇಶ ಕಚೇರಿ ಒಂದೇ ರೀತಿ ನೋಡುವುದಿಲ್ಲ. ನಮ್ಮವರು ಹೆಚ್ಚಾಗಿರುವ ಕ್ಯುಪರ್ಟಿನೋ, ಫ್ರಿಸ್ಕೋ, ಎಡಿಸನ್, ನೇಪರ್‌ವಿಲ್‌ನಂಥ ಊರುಗಳಲ್ಲಿರುವವರು ಇದನ್ನು ನೆನಪಿಡಬೇಕು: ನಿಮ್ಮ ಮಗುವಿನ ಅರ್ಜಿ ಮೊದಲು ಪಕ್ಕದ ಬೆಂಚಿನವರ ಅರ್ಜಿಯ ಎದುರು ನಿಲ್ಲುತ್ತದೆ.

ಶಾಲೆಯಲ್ಲಿ ನೇವಿಯೆನ್ಸ್ ಅಥವಾ ಸ್ಕೋಯರ್ ಎಂಬ ಕಾಲೇಜು ಹುಡುಕಾಟದ ತಂತ್ರಾಂಶ ಇದ್ದರೆ ಅದರ ಚುಕ್ಕಿ ಚಿತ್ರ ತೆರೆಯಿರಿ. ಹಿಂದಿನ ವರ್ಷಗಳಲ್ಲಿ ಇದೇ ಶಾಲೆಯಿಂದ ಯಾವ ಜಿಪಿಎ, ಯಾವ ಅಂಕದವರು ಎಲ್ಲಿ ಆಯ್ಕೆಯಾದರು ಎಂಬುದು ಕಾಣುತ್ತದೆ. ಯಾವುದೇ ರಾಷ್ಟ್ರೀಯ ರ‍್ಯಾಂಕಿಂಗಿಗಿಂತ ಇದು ಹತ್ತಿರದ ಕನ್ನಡಿ. ಆದರೆ ಆಯ್ಕೆಯಾದವರನ್ನು ತೋರಿಸುವ ಆ ಹಸಿರು ಚುಕ್ಕಿ ಈಜುಪಟುವೋ, ಹಳೇ ವಿದ್ಯಾರ್ಥಿಯ ಮಗನೋ, ಇತಿಹಾಸ ಓದಲು ಹೋದವನೋ ಎಂದು ಚಿತ್ರ ಹೇಳುವುದಿಲ್ಲ.

ಚಟುವಟಿಕೆಗಳ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅನೇಕ ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಹತ್ತು ಸಾಲು, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ರಂಗಪ್ರವೇಶಕ್ಕೆ ಹತ್ತು ವರ್ಷದ ಶ್ರಮ ಹಿಡಿದಿರುತ್ತದೆ, ಅದು ಬರಲಿ. ಶನಿವಾರದ ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ಅಕ್ಷರ ಕಲಿಸಿದ್ದೂ ಬರಲಿ. ಪಟ್ಟಿ ತುಂಬಿಸಲೆಂದು ಹನ್ನೊಂದನೇ ಗ್ರೇಡಿನಲ್ಲಿ ಹುಟ್ಟುಹಾಕಿದ ಸೇವಾ ಸಂಸ್ಥೆ ಬೇಡ. ಅಂಥದ್ದನ್ನು ಓದುವವರು ಬೇಕಾದಷ್ಟು ನೋಡಿರುತ್ತಾರೆ.

ತಳಪಾಯ: ನಿಮ್ಮ ರಾಜ್ಯ ಏನು ಕೊಡುತ್ತದೆ

ಸೇಫ್ಟಿ ಅನ್ನಿಸಿಕೊಳ್ಳಲು ಮೂರು ಷರತ್ತು. ಪ್ರವೇಶ ಖಚಿತ ಅಥವಾ ಹೆಚ್ಚುಕಡಿಮೆ ಖಚಿತ. ಯಾವ ನೆರವೂ ಬಾರದಿದ್ದರೂ ದುಡ್ಡು ಹೊಂದುತ್ತದೆ. ಮಗು "ಸರಿ, ಇಲ್ಲಿಗೆ ಹೋಗುತ್ತೇನೆ" ಎಂದು ಮನಸಾರೆ ಹೇಳಿದೆ. ಮೂರರಲ್ಲಿ ಒಂದು ತಪ್ಪಿದರೂ ಅದು ಸೇಫ್ಟಿ ಅಲ್ಲ. ಪಟ್ಟಿ ಮಾಡುವ ಶ್ರಮದಲ್ಲಿ ಅರ್ಧ ಇದಕ್ಕೇ ಮೀಸಲಿಡಿ ಎನ್ನುತ್ತೇನೆ ನಾನು.

ಟೆಕ್ಸಸ್‌ನವರಿಗೆ ಕಾನೂನೇ ತಳಪಾಯ ಹಾಕಿಕೊಟ್ಟಿದೆ. 1997ರ ಕಾನೂನಿನ ಪ್ರಕಾರ ಶಾಲೆಯ ಮೇಲಿನ ಶೇ. 10ರಲ್ಲಿರುವವರಿಗೆ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಯುಟಿ (ಟೆಕ್ಸಸ್ ವಿಶ್ವವಿದ್ಯಾಲಯ) ಆಸ್ಟಿನ್ ಮಾತ್ರ ಇದಕ್ಕೆ ಹೊರತು. ಅಲ್ಲಿ ಗೆರೆ ಶೇ. 6ರಲ್ಲಿತ್ತು, 2026ರಲ್ಲಿ ಸೇರುವವರಿಂದ ಶೇ. 5ಕ್ಕೆ ಇಳಿದಿದೆ. ಆದರೆ ಪ್ರವೇಶ ವಿಶ್ವವಿದ್ಯಾಲಯಕ್ಕೆ, ಬೇಕಾದ ಮೇಜರಿಗಲ್ಲ, ಅಂದರೆ ಓದಬೇಕೆಂದಿರುವ ಮುಖ್ಯ ವಿಷಯಕ್ಕಲ್ಲ. ಶೇ. 5ರ ಒಳಗಿದ್ದೂ ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದೆ ಬೇರೆ ವಿಷಯ ಕೈಗೆ ಬಂದವರು ಎಷ್ಟೋ.

ಕ್ಯಾಲಿಫೋರ್ನಿಯಾದಲ್ಲಿ ಯುಸಿಯ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ) ಒಂಬತ್ತು ಕ್ಯಾಂಪಸ್‌ಗಳಿಗೆ ಒಂದೇ ಅರ್ಜಿ. ಕ್ಯಾಂಪಸ್‌ಗೆ 80 ಡಾಲರ್. ಎಸ್‌ಎಟಿ ಅಂಕವನ್ನು ನೋಡುವುದೇ ಇಲ್ಲ, 1600ಕ್ಕೆ 1580 ಬಂದಿದ್ದರೂ ಅಷ್ಟೆ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದಗಳ ಉತ್ತರ ಬರೆಯಬೇಕು. ಯುಸಿಎಲ್‌ಎಗೆ ಈಚೆಗೆ ಒಂದೊಂದು ವರ್ಷ 1,40,000ಕ್ಕೂ ಹೆಚ್ಚು ಹೊಸ ಅರ್ಜಿ ಬರುತ್ತಿದ್ದು, ಹತ್ತರಲ್ಲಿ ಒಬ್ಬರಿಗೂ ಸೀಟು ಸಿಗುವುದಿಲ್ಲ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯೇಗೋ ಮೂರನ್ನೇ ಟಿಕ್ ಮಾಡಿ "ಯುಸಿ ಆಯಿತು" ಅನ್ನುವವರಿಗೆ ತಳಪಾಯ ಇಲ್ಲ. ರಿವರ್‌ಸೈಡ್, ಮರ್ಸೆಡ್, ಸಾಂತಾ ಕ್ರೂಜ್ ಸೇರಲಿ. ಸ್ಯಾನ್ ಹೋಸೆ ಸ್ಟೇಟ್‌ನಂಥ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕಾಲೇಜುಗಳೂ ಇರಲಿ, ಆದರೆ ಅಲ್ಲಿಯೂ ಕಂಪ್ಯೂಟರ್ ವಿಭಾಗ ಸುಲಭವಲ್ಲ. ಶಾಲೆಯ ಅಥವಾ ರಾಜ್ಯದ ಮೇಲಿನ ಶೇ. 9ರಲ್ಲಿದ್ದರೆ ಎಲ್ಲಿಯೂ ಸಿಗದಿದ್ದಾಗ ಜಾಗವಿರುವ ಕ್ಯಾಂಪಸ್‌ನಲ್ಲಿ ಸೀಟು ಕೊಡುವ ಖಾತರಿ ಇದೆ. ಆ ಕ್ಯಾಂಪಸ್ ಸಾಮಾನ್ಯವಾಗಿ ಮರ್ಸೆಡ್. ನಮ್ಮವರು ಮೂಗು ಮುರಿಯುವ ಇನ್ನೊಂದು ದಾರಿ ಕಮ್ಯುನಿಟಿ ಕಾಲೇಜು, ಅಂದರೆ ಊರಿನ ಎರಡು ವರ್ಷದ ಸರಕಾರಿ ಕಾಲೇಜು. ಅಲ್ಲಿ ಎರಡು ವರ್ಷ ಓದಿ ನಿಗದಿತ ಜಿಪಿಎ ಉಳಿಸಿಕೊಂಡವರಿಗೆ ಡೇವಿಸ್, ಅರ್ವೈನ್, ಸಾಂತಾ ಬಾರ್ಬರಾ ಸೇರಿ ಆರು ಯುಸಿ ಕ್ಯಾಂಪಸ್‌ಗಳು ಲಿಖಿತ ಪ್ರವೇಶ ಖಾತರಿ ಕೊಡುತ್ತವೆ. ಎಲ್ಲ ಮೇಜರಿಗೂ ಅಲ್ಲ, ನಿಜ. ಆದರೂ ಕೂಟದಲ್ಲಿ ಹೇಳಿಕೊಳ್ಳಲು ಸಂಕೋಚ ಎಂಬ ಒಂದೇ ಕಾರಣಕ್ಕೆ ಬಿಡುವ ದಾರಿ ಇದಲ್ಲ.

ಪಶ್ಚಿಮದ ರಾಜ್ಯಗಳವರು ಡಬ್ಲ್ಯುಯುಇ (ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್) ಎಂಬ ಒಪ್ಪಂದವನ್ನೂ ನೋಡಿ: ಭಾಗವಹಿಸುವ ಕಾಲೇಜುಗಳಲ್ಲಿ ನೆರೆರಾಜ್ಯದವರಿಗೆ ಒಳರಾಜ್ಯದ ಟ್ಯೂಷನ್‌ನ ಒಂದೂವರೆ ಪಟ್ಟು ಮೀರದ ದರ.

ಮೇಜರ್ ಎಂಬ ಒಳಬಾಗಿಲು

ನಮ್ಮ ಮಕ್ಕಳ ಪಟ್ಟಿ ಹೆಚ್ಚಾಗಿ ಇಲ್ಲೇ ಮುಗ್ಗರಿಸುತ್ತದೆ. ಇಲಿನಾಯ್ ಅರ್ಬಾನಾ-ಶಾಂಪೇನ್‌ನ ಒಟ್ಟು ಪ್ರವೇಶ ಪ್ರಮಾಣ ನೋಡಿ "ಇದು ಟಾರ್ಗೆಟ್", ಅಂದರೆ ಸಿಗುವ ಸಾಧ್ಯತೆ ಸಾಕಷ್ಟಿರುವ ಕಾಲೇಜು, ಎಂದುಕೊಳ್ಳುತ್ತೇವೆ. ಅಲ್ಲಿನ ಕಂಪ್ಯೂಟರ್ ಸೈನ್ಸ್‌ಗೆ ನೂರಕ್ಕೆ ಹತ್ತು ಮಂದಿಯೂ ಆಯ್ಕೆಯಾಗುವುದಿಲ್ಲ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ್ದೂ ಇದೇ ಕಥೆ: ವಿಶ್ವವಿದ್ಯಾಲಯಕ್ಕೆ ಸೇರುವುದು ಬೇರೆ, ಅದರ ಕಂಪ್ಯೂಟರ್ ವಿಭಾಗವಾದ ಅಲೆನ್ ಸ್ಕೂಲಿಗೆ ನೇರವಾಗಿ ಆಯ್ಕೆಯಾಗುವುದು ಬೇರೆ. ಹೊರರಾಜ್ಯದವರಿಗಂತೂ ಅದು ಎಂಐಟಿಯಷ್ಟೇ ದೂರ. ಮೊದಲು ಬೇರೆ ವಿಭಾಗಕ್ಕೆ ಸೇರಿ ಆಮೇಲೆ ಬದಲಾಯಿಸಿಕೊಳ್ಳೋಣ ಎಂಬ ಉಪಾಯ ಇಂಥ ಕಡೆ ನಡೆಯುವುದಿಲ್ಲ. ಪಟ್ಟಿಯ ಪ್ರತಿ ಸಾಲಿನಲ್ಲೂ ಕಾಲೇಜಿನ ಹೆಸರಿನ ಪಕ್ಕ ಮೇಜರ್ ಬರೆಯಿರಿ. ಪ್ರವೇಶ ಮೇಜರಿಗೋ ವಿಶ್ವವಿದ್ಯಾಲಯಕ್ಕೋ, ಒಳಗೆ ಹೋದ ಮೇಲೆ ಬದಲಾವಣೆ ಎಷ್ಟು ಕಷ್ಟ ಎಂದು ಆ ವಿಭಾಗದ ಪುಟದಲ್ಲಿ ನೋಡಿ ಬರೆಯಿರಿ. ಮಗುವಿಗೆ ನಿಜಕ್ಕೂ ಕಂಪ್ಯೂಟರ್ ಬೇಕೋ ಅಥವಾ ನಮ್ಮ ಮನೆಯ ಗಾಳಿಗೆ ಅಂಟಿಕೊಂಡ ಆಸೆಯೋ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಗಣಿತ, ಸಂಖ್ಯಾಶಾಸ್ತ್ರ, ಭಾಷಾವಿಜ್ಞಾನ ಇಷ್ಟಪಡುವ ಮಗುವಿನ ಪಟ್ಟಿಯೇ ಬೇರೆ ಆಗುತ್ತದೆ, ಬಹುಮಟ್ಟಿಗೆ ಸಲೀಸೂ ಆಗುತ್ತದೆ.

ಮಧ್ಯದ ಹೆಸರುಗಳು: ಕಾಮನ್ ಡೇಟಾ ಸೆಟ್ ಓದುವ ಬಗೆ

ಕಾಲೇಜಿನ ಹೆಸರಿನ ಮುಂದೆ "ಕಾಮನ್ ಡೇಟಾ ಸೆಟ್" ಎಂದು ಸೇರಿಸಿ ಹುಡುಕಿ. ಬಹುಪಾಲು ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ಇದನ್ನು ಪ್ರಕಟಿಸುತ್ತವೆ. ಪುಟಗಳು ಹತ್ತಾರು, ನಮಗೆ ಬೇಕಿರುವುದು ಮುಖ್ಯವಾಗಿ ಸಿ ವಿಭಾಗ.

ಸಿ1ರಲ್ಲಿ ಎಷ್ಟು ಅರ್ಜಿ, ಎಷ್ಟು ಆಯ್ಕೆ. ಸಿ7ರಲ್ಲಿ ಕಾಲೇಜು ಯಾವುದಕ್ಕೆ ಎಷ್ಟು ಬೆಲೆ ಕೊಡುತ್ತದೆ ಎಂಬ ಕೋಷ್ಟಕ: ಕೋರ್ಸುಗಳ ಕಠಿಣತೆ, ಜಿಪಿಎ, ಪ್ರಬಂಧ, ಶಿಫಾರಸು ಪತ್ರ, ವಿದ್ಯಾರ್ಥಿ ತೋರಿಸಿದ ಆಸಕ್ತಿ. ಆ ಕೊನೆಯದಕ್ಕೆ ಬೆಲೆ ಕೊಡುವ ಕಾಲೇಜಿನ ಆನ್‌ಲೈನ್ ಮಾಹಿತಿ ಸಭೆಗೆ ಮಗು ಹೆಸರು ನೋಂದಾಯಿಸಿ ಕೂರುವುದು ಒಳ್ಳೆಯದು. ಸಿ9ರಲ್ಲಿ ಎಸ್‌ಎಟಿ ಅಂಕಗಳ ವ್ಯಾಪ್ತಿ. ಅಂಕ ಕೊಡುವುದು ಐಚ್ಛಿಕವಾಗಿರುವ ಕಡೆ ಚೆನ್ನಾಗಿ ಬಂದವರು ಮಾತ್ರ ಕೊಡುವುದರಿಂದ ಆ ವ್ಯಾಪ್ತಿ ಇದ್ದದ್ದಕ್ಕಿಂತ ಮೇಲೆ ಕಾಣುತ್ತದೆ. ಎಂಐಟಿ 2022ರಲ್ಲೇ, ಡಾರ್ಟ್‌ಮತ್, ಹಾರ್ವರ್ಡ್, ಯುಟಿ ಆಸ್ಟಿನ್ 2024ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಎಂದು ಘೋಷಿಸಿದವು. ಈ ನಿಯಮ ವರ್ಷ ವರ್ಷ ಬದಲಾಗುತ್ತಿದೆ. ಹಿರಿಯ ಮಗುವಿನ ಕಾಲದ ಟಿಪ್ಪಣಿ ಕಿರಿಯ ಮಗುವಿಗೆ ಆಗುವುದಿಲ್ಲ.

ಸಿ21ರಲ್ಲಿ ಅರ್ಲಿ ಡಿಸಿಷನ್ (ಸಿಕ್ಕರೆ ಸೇರುತ್ತೇನೆಂದು ಒಪ್ಪಿ ಬೇಗ ಹಾಕುವ ಸುತ್ತು) ಅಂಕಿಗಳಿರುತ್ತವೆ. ಲೆಕ್ಕಕ್ಕೆಂದು ಒಂದು ಕಾಲೇಜು ಹಿಡಿಯೋಣ. ಒಟ್ಟು 30,000 ಅರ್ಜಿ, 3,600 ಆಯ್ಕೆ, ಅಂದರೆ ಶೇ. 12. ಇದರೊಳಗೆ ಅರ್ಲಿ ಡಿಸಿಷನ್ 4,000 ಅರ್ಜಿ, 1,200 ಆಯ್ಕೆ, ಅಂದರೆ ಶೇ. 30. ಕಳೆದು ನೋಡಿದರೆ ಉಳಿದ 26,000 ಜನರಲ್ಲಿ 2,400 ಮಂದಿ, ಶೇ. 9 ಚಿಲ್ಲರೆ. ಸಾಮಾನ್ಯ ಸುತ್ತಿನಲ್ಲಿ ಹಾಕುವವರಿಗೆ ಅನ್ವಯಿಸುವುದು ಈ 9, ಜಾಹೀರಾದ 12 ಅಲ್ಲ. ಶೇ. 30 ನೋಡಿ ಕುಣಿಯುವುದೂ ಬೇಡ. ಆ ಗುಂಪಿನಲ್ಲಿ ಕೋಚ್‌ಗಳು ಮೊದಲೇ ಆರಿಸಿಕೊಂಡ ಆಟಗಾರರೂ ಇರುತ್ತಾರೆ.

ಟಾರ್ಗೆಟ್ ಎಂದು ನಾನು ಒಪ್ಪುವುದು ಇಂಥದ್ದನ್ನು: ಮಗುವಿನ ಜಿಪಿಎ ಮತ್ತು ಅಂಕ ಆ ಕಾಲೇಜಿನ ಮಧ್ಯಮ ಮಟ್ಟದಲ್ಲಿ ಅಥವಾ ತುಸು ಮೇಲಿದೆ, ಆ ಮೇಜರಿಗೆ ಮೂವರಲ್ಲಿ ಒಬ್ಬರಿಗಾದರೂ ಸೀಟು ಸಿಗುತ್ತಿದೆ, ಮೊದಲು ಹೇಳಿದ ಸಂಖ್ಯೆಯೊಳಗೆ ಖರ್ಚು ನಿಲ್ಲುತ್ತದೆ. ಇಂಥವು ನಾಲ್ಕೈದು ಸಿಕ್ಕರೆ ಪಟ್ಟಿಯ ಬೆನ್ನೆಲುಬು ಸಿದ್ಧ. ಹುಡುಕುವಾಗ ಸರಕಾರದ ಕಾಲೇಜ್ ಸ್ಕೋರ್‌ಕಾರ್ಡ್ ತೆರೆದಿಟ್ಟುಕೊಳ್ಳಿ. ಎಷ್ಟು ಮಂದಿ ಪದವಿ ಮುಗಿಸುತ್ತಾರೆ, ಯಾವ ಮೇಜರಿನವರ ಗಳಿಕೆ ಎಷ್ಟು ಎಂಬುದನ್ನು ಅಲ್ಲಿ ನೋಡಿದಾಗ, ಕೂಟದಲ್ಲಿ ಯಾರೂ ಹೆಸರು ಎತ್ತದ ಎಷ್ಟೋ ಕಾಲೇಜುಗಳು ತಲೆ ಎತ್ತುತ್ತವೆ.

ಮೇಲಿನ ಹೆಸರುಗಳು

ಶೇ. 20ಕ್ಕಿಂತ ಕಡಿಮೆ ಪ್ರವೇಶ ಪ್ರಮಾಣದ ಕಾಲೇಜು ಎಂಥ ಮಗುವಿಗೂ ರೀಚ್, ಅಂದರೆ ಸಿಗುವುದು ಕಷ್ಟವೆಂದೇ ಹಾಕುವಂಥದ್ದು. ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನಲ್ಲಿ ನೂರಕ್ಕೆ ನಾಲ್ವರ ಆಸುಪಾಸು. "ಅಂಥವು ಹತ್ತು ಕಡೆ ಹಾಕಿದರೆ ಒಂದಾದರೂ ತಗಲುತ್ತೆ" ಎಂಬ ಲಾಟರಿ ಲೆಕ್ಕ ಇಲ್ಲಿ ನಿಲ್ಲುವುದಿಲ್ಲ. ಹತ್ತೂ ಕಡೆ ಹೋಗುವುದು ಅದೇ ಟ್ರಾನ್ಸ್‌ಕ್ರಿಪ್ಟ್, ಅದೇ ಶಿಫಾರಸು, ಅದೇ ಮೇಜರ್. ಒಂದು ಕಡೆ ಕೊರತೆಯಾಗಿ ಕಂಡದ್ದು ಇನ್ನೊಂದು ಕಡೆಯೂ ಕಾಣುತ್ತದೆ. ಅದರ ಮೇಲೆ ಪ್ರತಿಯೊಂದಕ್ಕೂ ಎರಡು-ಮೂರು ಹೆಚ್ಚುವರಿ ಪ್ರಬಂಧ. ಹತ್ತು ರೀಚ್ ಹಾಕಿದ ಮಗು ಡಿಸೆಂಬರಿನಲ್ಲಿ ಬರೆದ ಎಂಟನೇ ಪ್ರಬಂಧ ಹೇಗಿರುತ್ತದೆಂದು ಓದಿದವರಿಗೆ ಗೊತ್ತು. ಮೂರೋ ನಾಲ್ಕೋ ಸಾಕು. "ಈ ಕಾಲೇಜೇ ಯಾಕೆ?" ಎಂಬ ಪ್ರಶ್ನೆಗೆ ಮಗು ಒಬ್ಬ ಪ್ರಾಧ್ಯಾಪಕರ ಕೆಲಸವನ್ನೋ, ಒಂದು ಕೋರ್ಸನ್ನೋ ಹಿಡಿದು ಐದು ವಾಕ್ಯ ಹೇಳಲಾಗದಿದ್ದರೆ ಆ ಹೆಸರನ್ನು ಹೊಡೆದುಹಾಕಿ.

ಅರ್ಲಿ ಡಿಸಿಷನ್ ಕಟ್ಟುಪಾಡಿನದು. ಒಂದೇ ಕಡೆ ಹಾಕಬಹುದು, ಸಿಕ್ಕರೆ ಹೋಗಲೇಬೇಕು. ನೆಟ್ ಪ್ರೈಸ್ ಅಂಕಿ ಮನೆಯ ಸಂಖ್ಯೆಯೊಳಗೆ ಇದ್ದರೆ ಮಾತ್ರ ಅದಕ್ಕೆ ಸಹಿ ಹಾಕಿ. ಬೇಗ ಹಾಕುವ ಇನ್ನೊಂದು ಬಗೆಯಾದ ಅರ್ಲಿ ಆ್ಯಕ್ಷನ್‌ಗೆ ಆ ಕಟ್ಟಿಲ್ಲ. ಎಂಐಟಿ, ಪರ್ಡ್ಯೂ, ಜಾರ್ಜಿಯಾ ಟೆಕ್‌ಗಳಲ್ಲಿ ಇದೇ ಇದೆ. ಜಾರ್ಜಿಯಾ ಟೆಕ್‌ನಲ್ಲಿ ಜಾರ್ಜಿಯಾ ನಿವಾಸಿಗಳಿಗೆ ಗಡುವು ಅಕ್ಟೋಬರ್ ಮಧ್ಯಕ್ಕೇ ಮುಗಿಯುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳಲ್ಲಿ ಬೇಗ ಹಾಕಿದರೆ ಬೇರೆ ಖಾಸಗಿ ಕಾಲೇಜುಗಳಿಗೆ ಬೇಗ ಹಾಕುವಂತಿಲ್ಲ. ಸರಕಾರಿ ವಿಶ್ವವಿದ್ಯಾಲಯಗಳಿಗೆ ಹಾಕಬಹುದು.

ಒಂದು ಪಟ್ಟಿ ಕಟ್ಟಿ ನೋಡೋಣ

ಟೆಕ್ಸಸ್‌ನ ಫ್ರಿಸ್ಕೋದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಶಾಲೆಯಲ್ಲಿ ಮೇಲಿನ ಶೇ. 9, ತೂಕವಿಲ್ಲದ ಜಿಪಿಎ 3.85, ಎಸ್‌ಎಟಿ 1470, ಕಂಪ್ಯೂಟರ್ ಸೈನ್ಸ್ ಆಸೆ, ವೀಸಾ ಎಚ್-4, ಮನೆಯ ಮಿತಿ ವರ್ಷಕ್ಕೆ 40,000 ಡಾಲರ್.

ತಳದಲ್ಲಿ ಯುಟಿ ಡಲ್ಲಾಸ್. ಶೇ. 10ರ ಕಾನೂನಿನಿಂದ ಪ್ರವೇಶ ಖಚಿತ, ಮನೆಯಿಂದ ಓಡಾಡಬಹುದು, ಮೆರಿಟ್ ದುಡ್ಡೂ ಸಿಗುವ ಸಾಧ್ಯತೆ ಇದೆ. ಕಂಪ್ಯೂಟರ್ ವಿಭಾಗಕ್ಕೆ ಗಣಿತದ ಬೇರೆ ಷರತ್ತಿದೆಯೇ ಎಂದು ಆ ವರ್ಷದ ಪುಟದಲ್ಲಿ ನೋಡಿಕೊಳ್ಳಬೇಕು. ಜೊತೆಗೆ ಹ್ಯೂಸ್ಟನ್ ವಿಶ್ವವಿದ್ಯಾಲಯ. ಇನ್ನು ಟೆಕ್ಸಸ್ ಎ ಆ್ಯಂಡ್ ಎಂ: ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ ಇದೆ, ಆದರೆ ಎಂಜಿನಿಯರಿಂಗ್ ಸೀಟು ತುಂಬುವ ಮೊದಲು ಅರ್ಜಿ ಹೋಗಬೇಕು. ಒಳಗೆ ಹೋದ ಮೇಲೂ ಮೊದಲ ವರ್ಷ ಸಾಮಾನ್ಯ ಎಂಜಿನಿಯರಿಂಗ್, 3.75 ಜಿಪಿಎ ಬಂದರೆ ಬೇಕಾದ ಮೇಜರ್ ಖಚಿತ, ಇಲ್ಲದಿದ್ದರೆ ಸ್ಪರ್ಧೆ. ಹಾಗಾಗಿ ಇದು ಮಧ್ಯದ ಸಾಲಿಗೆ. ಅಲಬಾಮಾದ ಮೆರಿಟ್ ಕೋಷ್ಟಕ ನೋಡಿ ಲೆಕ್ಕ ಹೊಂದಿದರೆ ಅದೂ ಮಧ್ಯಕ್ಕೆ.

ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸಿಲ್ಲ. ಹೊರರಾಜ್ಯದವರಿಗೆ ಟ್ಯೂಷನ್ ಮತ್ತು ಶುಲ್ಕ ಸೇರಿ ವರ್ಷಕ್ಕೆ 28,800 ಡಾಲರಿನ ಹತ್ತಿರ. ಊಟ-ವಸತಿ, ಪುಸ್ತಕ, ಓಡಾಟ ಸೇರಿಸಿದರೆ ಮಿತಿಯ ಅಂಚು ದಾಟುತ್ತದೆ, ಕಂಪ್ಯೂಟರ್ ಸೈನ್ಸ್ ಪ್ರವೇಶವೂ ಕಠಿಣ. ಮನೆಯವರು ಕೂತು ಮಾತಾಡಿ ಉಳಿಸಬೇಕೋ ಬಿಡಬೇಕೋ ನಿರ್ಧರಿಸಲಿ. ಇಲಿನಾಯ್, ಮಿಶಿಗನ್ ಎರಡೂ ಹೊರಗೆ: ಹೊರರಾಜ್ಯದ ದರ ಮಿತಿಯನ್ನು ಎಷ್ಟೋ ಮೀರುತ್ತದೆ, ಸಿಕ್ಕರೂ ಹೋಗಲಾಗದ ಕಡೆ ಪ್ರಬಂಧ ಬರೆಸುವುದು ಮಗುವಿಗೆ ಮಾಡುವ ಅನ್ಯಾಯ. ಬರ್ಕ್ಲಿಯೂ ಹೊರಗೆ. ಹೊರರಾಜ್ಯದವರಿಗೆ ಯುಸಿ ವಿಧಿಸುವ ಹೆಚ್ಚುವರಿ ಶುಲ್ಕವೇ 30,000 ಡಾಲರ್ ದಾಟುತ್ತದೆ, ಕ್ಯಾಲಿಫೋರ್ನಿಯಾದ ಅಣ್ಣ-ಅತ್ತಿಗೆ ಎಷ್ಟು ಹೊಗಳಿದರೂ.

ಮೇಲೆ ಯುಟಿ ಆಸ್ಟಿನ್: ಶೇ. 5ರ ಒಳಗಿಲ್ಲ, ಆದ್ದರಿಂದ ರೀಚ್. ಎರಡನೇ ಆಯ್ಕೆಯಾಗಿ ಗಣಿತ ಅಥವಾ ಅಂಥದ್ದೇನಾದರೂ ಹಾಕಿದರೆ ಒಪ್ಪಿಗೆಯೇ ಎಂದು ಮೊದಲೇ ಕೇಳಿಕೊಳ್ಳಲಿ. ಖಾಸಗಿಯಲ್ಲಿ ಎಂಐಟಿ ಒಂದು; ಕಟ್ಟುಪಾಡಿಲ್ಲ, ವಿದೇಶಿಯರ ಅರ್ಜಿಯಲ್ಲೂ ಆದಾಯ ನೋಡುವುದಿಲ್ಲ. ಒಟ್ಟು ಏಳೆಂಟು. ಕಾಮನ್ ಆ್ಯಪ್ ಇಪ್ಪತ್ತರವರೆಗೆ ಬಿಡುತ್ತದೆ ಎಂದು ಇಪ್ಪತ್ತು ತುಂಬಬೇಕಿಲ್ಲ.

ತಿಂಗಳ ಲೆಕ್ಕ

ಮಾರ್ಚ್-ಏಪ್ರಿಲ್ ಹೊತ್ತಿಗೆ ಇಪ್ಪತ್ತೈದು ಹೆಸರಿನ ಕಚ್ಚಾ ಪಟ್ಟಿ. ಸ್ಪ್ರಿಂಗ್ ಬ್ರೇಕಿನಲ್ಲಿ ಹತ್ತಿರದ ಎರಡು ಕ್ಯಾಂಪಸ್ ನೋಡಿ ಬನ್ನಿ, ಒಂದು ದೊಡ್ಡದು, ಒಂದು ಚಿಕ್ಕದು. ವಿಮಾನ ಹತ್ತಿ ಎಂಟು ಕಾಲೇಜು ಸುತ್ತುವ ಅಗತ್ಯವಿಲ್ಲ. ಮೇ ತಿಂಗಳಲ್ಲಿ, ಎಪಿ ಪರೀಕ್ಷೆಗಳ ಗಲಾಟೆ ಮುಗಿದ ಮೇಲೆ, ಹನ್ನೊಂದನೇ ಗ್ರೇಡಿನ ಇಬ್ಬರು ಶಿಕ್ಷಕರ ಬಳಿ ಮಗು ತಾನೇ ಹೋಗಿ ಶಿಫಾರಸು ಪತ್ರ ಕೇಳಲಿ. ಅಪ್ಪ ಇಮೇಲ್ ಹಾಕುವುದು ಬೇಡ. ಜೂನ್‌ನಲ್ಲಿ ವರ್ಷದ ಜಿಪಿಎ ಬಂದೊಡನೆ ಪಟ್ಟಿಯನ್ನು ಹನ್ನೆರಡಕ್ಕೆ ಇಳಿಸಿ. ಆಗಸ್ಟ್ 1ಕ್ಕೆ ಕಾಮನ್ ಆ್ಯಪ್ ಹೊಸ ವರ್ಷಕ್ಕೆ ತೆರೆಯುತ್ತದೆ, ಪ್ರಬಂಧದ ಪ್ರಶ್ನೆಗಳು ಕಾಣುತ್ತವೆ, ಆಗ ಇನ್ನೆರಡು ಹೆಸರು ತಾವಾಗಿಯೇ ಉದುರುತ್ತವೆ.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಂತೆ ಅರ್ಜಿ ಬಂದ ಹಾಗೆಯೇ ನಿರ್ಧಾರ ಕಳಿಸುವ ಕಾಲೇಜೊಂದು ಪಟ್ಟಿಗೆ ಹೊಂದಿದರೆ ಅದಕ್ಕೆ ಸೆಪ್ಟೆಂಬರಿನಲ್ಲೇ ಹಾಕಿಬಿಡಿ. ಯುಸಿಗೆ ಸಲ್ಲಿಕೆ ಅಕ್ಟೋಬರ್ 1ರಿಂದ ನವೆಂಬರ್ ಕೊನೆಯವರೆಗೆ. ಬೇಗದ ಸುತ್ತು ನವೆಂಬರ್ 1ಕ್ಕೆ, ಸಾಮಾನ್ಯ ಸುತ್ತು ಹೆಚ್ಚಾಗಿ ಜನವರಿಯ ಮೊದಲ ವಾರಕ್ಕೆ. ಮೊದಲ ಒಪ್ಪಿಗೆ ಪತ್ರ ಬಂದ ದಿನ ಪಟ್ಟಿಯನ್ನು ಮತ್ತೆ ತೆಗೆಯಿರಿ: ಬಂದ ಕಾಲೇಜಿಗಿಂತ ಮಗು ಕಡಿಮೆ ಇಷ್ಟಪಡುವ, ಅದಕ್ಕಿಂತ ಅಗ್ಗವೂ ಅಲ್ಲದ ಹೆಸರುಗಳಿಗೆ ಇನ್ನು ಅರ್ಜಿ ಬೇಕಿಲ್ಲ. ಅವುಗಳ ಪ್ರಬಂಧಕ್ಕೆ ಎತ್ತಿಟ್ಟ ವಾರಾಂತ್ಯಗಳು ಉಳಿದ ಮೂರು-ನಾಲ್ಕು ಪ್ರಬಂಧಗಳಿಗೆ ಹೋಗಲಿ.